ಮೂರು ಹೋಗುತ್ತದೆ

ಮೂವತ್ತಕ್ಕೆ ಒಂಬತ್ತು! ಒಂದು ಕಾಲದಲ್ಲಿ ಮೀನು ದೋಣಿಯ ಮುಖಂಡರಾಗಿದ್ದ ಎರ್ಮಾಳಿನ ದೂಮಪ್ಪ ತಾಂಡೇಲರು ಎಂಬತ್ತೆರಡನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಕೂತು ಪಡೆದ ಅಂಕ ಅದು. ಹಳದಿ ಕಾಗದದ ಕೆಳಗೆ ಕೆಂಪು ಶಾಯಿಯಲ್ಲಿ ‘ತೀವ್ರ ಮರೆವು’ ಎಂದು ಬರೆದು, ಸಾಲದ್ದಕ್ಕೆ ಅಡಿಗೆರೆ ಬೇರೆ ಎಳೆದಿದ್ದರು. ಆ ಕಾಗದ ಈಗ ಕಾರ್ಕಳದ ಝೀಟಾ ಬಾಯಿಯವರ ಮೇಜಿನ ಮೇಲಿತ್ತು. ಮೇಜಿನ ಈಚೆ ದೂಮಪ್ಪರ ಸೋದರ ಸೊಸೆ, ಒಣಮೀನು ಮಾರುವ ನಳಿನಾಕ್ಷಿ, ಮಡಚಲಾಗದ ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡು, ಕಾಗದವನ್ನು ನುಂಗುವ ಹಾಗೆ ನೋಡುತ್ತಾ ಕೂತಿದ್ದಳು.

“ಬೇಜಾರು ಮಾಡಿಕೊಳ್ಳಬೇಡಿ ನಳಿನಕ್ಕ,” ಎಂದರು ಝೀಟಾ ಬಾಯಿ. ಮಸ್ಕತ್ತಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದು, ಊರಿಗೆ ಮರಳಿ, ತನ್ನ ಮನೆಯಲ್ಲೇ ಹನ್ನೆರಡು ಮಂದಿ ಮುದುಕರನ್ನು ಇಟ್ಟುಕೊಂಡು ನೋಡಿಕೊಳ್ಳುವ ಹೆಂಗಸು ಅವರು. “ಸ್ನಾನ ಮಾಡಿಸಬೇಕಾದವರನ್ನು ತೆಗೆದುಕೊಳ್ತೇನೆ. ಎತ್ತಿ ಕೂರಿಸಬೇಕಾದವರನ್ನೂ ತೆಗೆದುಕೊಳ್ತೇನೆ. ಒಂದು ತಿಂಗಳಿಗೆ, ಎರಡು ತಿಂಗಳಿಗೆ ಅಂತ ಬರುವವರೂ ಇದ್ದಾರೆ. ಆದರೆ ಮರೆವು ಇದ್ದವರು ಬೇಡ. ಹಿತ್ತಿಲ ಹಿಂದೆ ಹಳೆಯ ಕಲ್ಲುಕೋರೆ ಉಂಟು, ಮಳೆಗೆ ತುಂಬಿ ನಿಂತಿದೆ. ಯಾರಾದರೂ ಎದ್ದು ಆಚೆ ಹೋದರೆ ಹಿಂದೆ ಓಡಲಿಕ್ಕೆ ನನ್ನಲ್ಲಿ ಜನ ಇಲ್ಲ.”

“ಮರೆವಾ? ನಮ್ಮ ಮಾವನಿಗಾ?” ನಳಿನಾಕ್ಷಿಯ ಧ್ವನಿ ಒಳಗಿನ ಕೋಣೆಯ ಮುದುಕರೆಲ್ಲ ಕತ್ತೆತ್ತುವಷ್ಟು ಏರಿತು. “ಬಾಯೀ, ನನ್ನ ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಯಾರು ಯಾರು ಉಪ್ಪಿನಕಾಯಿ ಎರಡನೇ ಸಲ ಕೇಳಿದರು ಅಂತ ಅವರಿಗೆ ಈಗಲೂ ನೆನಪುಂಟು. ನನಗಿಲ್ಲ, ಅವರಿಗುಂಟು. ಅವರಿಗೆ ಮರೆವು ಬಂದಿದ್ದರೆ ನಾನು ಎಷ್ಟೋ ಸುಖವಾಗಿ ಇರ್ತಿದ್ದೆ!”

ಬಾಯಿ ನಕ್ಕರು. ಆದರೆ ಕಾಗದವನ್ನು ಮಡಚಿ ವಾಪಸು ಕೊಟ್ಟರು. ಹೀಗೆ ನಳಿನಾಕ್ಷಿಯ ಕೊನೆಯ ಬಾಗಿಲೂ ಮುಚ್ಚಿತು.

ಕೊನೆಯದು ಎಂದು ಯಾಕೆ ಹೇಳಿದೆ ಎಂದರೆ, ಉಳಿದದ್ದನ್ನೆಲ್ಲ ಅವಳು ಈಗಾಗಲೇ ತಟ್ಟಿ ಆಗಿತ್ತು. ಮುಂದಿನ ಬುಧವಾರ, ಜುಲೈ ಮೂವತ್ತಕ್ಕೆ, ಮಣಿಪಾಲದಲ್ಲಿ ಅವಳ ಮೊಣಕಾಲಿನ ಆಪರೇಶನ್. ಎರಡು ಸಲ ಮುಂದೂಡಿ ಮೂರನೆಯ ಸಲ ಸಿಕ್ಕಿದ ದಿನ. ಆಪರೇಶನ್ ಆದ ಮೇಲೆ ಆರು ವಾರ ಭಾರ ಎತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಭಾರವೆಂದರೆ ಬೇರೆ ಯಾವುದು? ಐದು ವರ್ಷದಿಂದ ಅವಳು ದಿನಕ್ಕೆ ಎಂಟು ಹತ್ತು ಸಲ ಎತ್ತಿ ಇಳಿಸುತ್ತಿದ್ದ ಭಾರ ಒಂದೇ. ಪಾರ್ಶ್ವವಾಯುವಾಗಿ ಎಡಗೈ ಎಡಗಾಲು ಬಿದ್ದುಹೋದ ದೂಮಪ್ಪರು. ಹೋದ ತಿಂಗಳು ಬಚ್ಚಲಲ್ಲಿ ಅವರನ್ನು ಎತ್ತುವಾಗ ಇವಳ ಮೊಣಕಾಲು ಕೈಕೊಟ್ಟು, ಇಬ್ಬರೂ ಒಟ್ಟಿಗೇ ಬಿದ್ದಿದ್ದರು. ಪಕ್ಕದ ಮನೆಯ ಅಪ್ಪಿ ಬರುವವರೆಗೆ ಕಾಲು ಗಂಟೆ ಸೋಪಿನ ನೀರಲ್ಲೇ ಬಿದ್ದುಕೊಂಡಿದ್ದರು. ಇನ್ನೊಮ್ಮೆ ಹಾಗಾದರೆ ಇಬ್ಬರಲ್ಲಿ ಒಬ್ಬರು ಏಳುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ನಳಿನಾಕ್ಷಿಯ ಮಗಳು ಪಡುಬಿದ್ರಿಯಲ್ಲಿದ್ದಾಳೆ, ನಿಜ. ಆದರೆ ಅವಳ ಕೈಯಲ್ಲಿ ನಾಲ್ಕು ತಿಂಗಳ ಕೂಸು. ಅಮ್ಮನನ್ನು ನೋಡಿಕೊಳ್ಳುತ್ತೇನೆ ಎಂದದ್ದೇ ದೊಡ್ಡದು; ಜೊತೆಗೆ ಆರಡಿಯ ಅಜ್ಜನನ್ನೂ ಹೊರು ಎಂದು ಹೇಳುವುದು ಹೇಗೆ? ಉಡುಪಿಯ ಏಜೆನ್ಸಿಯಿಂದ ಒಬ್ಬ ಹೋಂ ನರ್ಸ್ ಬಂದ. ಉಪ್ಪಿಲ್ಲದ ಗಂಜಿ, ಬೇಯಿಸಿದ ಸೋರೆಕಾಯಿ ಕೊಟ್ಟ. ಎರಡನೆಯ ದಿನ ದೂಮಪ್ಪರು ಆ ಬಟ್ಟಲನ್ನು ಅಂಗಳಕ್ಕೆ ಎಸೆದರು, ಮೂರನೆಯ ದಿನ ಅವನು ಚೀಲ ಹಿಡಿದು ಬಸ್ಸು ಹತ್ತಿದ. ಮೊದಲ ಸಲ ಆಪರೇಶನ್ ತಪ್ಪಿದ್ದು ಹಾಗೆ. ಎರಡನೆಯ ಸಲ, ಆಸ್ಪತ್ರೆಗೆ ಹೊರಡುವ ಹಿಂದಿನ ದಿನವೇ ದೂಮಪ್ಪರಿಗೆ ಜ್ವರ. ಕಾಪುವಿನಲ್ಲಿ ಹಿರಿಯರ ಹಗಲು ಮನೆ ಒಂದಿತ್ತು. ಬೆಳಿಗ್ಗೆ ಬಿಟ್ಟು ನಾಲ್ಕು ಗಂಟೆಗೆ ಕರೆದುಕೊಂಡು ಹೋಗಬೇಕು. ಕರೆದುಕೊಂಡು ಹೋಗುವವಳು ಆಸ್ಪತ್ರೆಯಲ್ಲಿ ಮಲಗಿದ್ದರೆ? ರಾತ್ರಿ ಇಟ್ಟುಕೊಳ್ಳುವ ಕ್ರಮ ಅಲ್ಲಿ ಇರಲಿಲ್ಲ. ನೋಡಿ ಬರಲು ಕರೆದುಕೊಂಡು ಹೋದ ಒಂದು ದಿನ ಅಲ್ಲಿ ಎಲ್ಲರೂ ಸುತ್ತ ಕೂತು ಚಪ್ಪಾಳೆ ತಟ್ಟುತ್ತಾ ವ್ಯಾಯಾಮ ಮಾಡುತ್ತಿದ್ದರು. “ಒಂದು ಕೈಯಲ್ಲಿ ಚಪ್ಪಾಳೆ ಆಗುವುದಿಲ್ಲ ಅಂತ ಗಾದೆ ಉಂಟು, ಇವರಿಗೆ ಗೊತ್ತಿಲ್ವಾ?” ಎಂದು ದೂಮಪ್ಪರು ಅಷ್ಟು ಜನರೆದುರು ಕೇಳಿದ್ದರು.

ಹಿರಿಯರ ಸಹಾಯವಾಣಿಗೆ ಫೋನ್ ಮಾಡಿದ್ದಂತೂ ಬೇರೆಯೇ ಕತೆ. “ನೀವು ಅವರಿಗೆ ಏನಾಗಬೇಕು?” ಎಂದು ಆ ಕಡೆಯವರು ಕೇಳಿದರು. “ಸೊಸೆ,” ಎಂದಳು ನಳಿನಾಕ್ಷಿ. “ಹಾಗಾದರೆ ನಿಮ್ಮ ಗಂಡನಿಗೆ ಫೋನ್ ಕೊಡಿ, ಮಗನ ಒಪ್ಪಿಗೆ ಬೇಕು.” ಗಂಡ ತೀರಿಹೋಗಿದ್ದಾನೆ, ಅವನು ಇವರ ಮಗನಲ್ಲ, ಇವರಿಗೆ ಮದುವೆಯೇ ಆಗಿಲ್ಲ ಎಂದಾಗ, “ಹಾಗಾದರೆ ನೀವು ಸೊಸೆ ಹೇಗೆ?” ಎಂದರು. ಅಳಿಯಕಟ್ಟಿನ ಮನೆಯಲ್ಲಿ ಸೊಸೆ ಎಂದರೆ ತಂಗಿಯ ಮಗಳು, ಆಸ್ತಿಗೂ ಅವಳೇ, ಗಂಜಿಗೂ ಅವಳೇ ಎಂಬುದನ್ನು ಅವಳು ವಿವರಿಸಿ ಮುಗಿಸುವಷ್ಟರಲ್ಲಿ ಲೈನು ಕಟ್ಟಾಗಿತ್ತು. ಸಾಕಪ್ಪಾ ಸಾಕು ಅನಿಸಿಬಿಟ್ಟಿತ್ತು ಅವಳಿಗೆ.

ಅಷ್ಟರಲ್ಲಿ ಸಿಕ್ಕಿದ್ದು ಈ ಝೀಟಾ ಬಾಯಿ. ಎಲ್ಲ ಸರಿಯಾಯಿತು, ಒಂದು ಮರೆವಿನ ಪರೀಕ್ಷೆಯ ಕಾಗದ ತನ್ನಿ ಎಂದಿದ್ದರು. ಶನಿವಾರ ಕಟಪಾಡಿಯ ಸಭಾಭವನದಲ್ಲಿ ಯಾವುದೋ ಟ್ರಸ್ಟಿನವರು ಹಿರಿಯರ ಶಿಬಿರ ಇಟ್ಟಿದ್ದರು. ಅಲ್ಲಿಗೆ ಕರೆದುಕೊಂಡು ಹೋಗಿ ಮಾಡಿಸಿದ ಪರೀಕ್ಷೆಯಲ್ಲಿ ಮೂವತ್ತಕ್ಕೆ ಒಂಬತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಯಿತು.

ಊರಿಗೆ ಮರಳುವ ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲದೆ ಒದ್ದಾಡುತ್ತಿದ್ದಾಗ ಮುಂಬಯಿಯಿಂದ ಅಕ್ಕ ಹರಿಣಾಕ್ಷಿಯ ಫೋನ್ ಬಂತು.

“ಮಾವನನ್ನು ಆಶ್ರಮಕ್ಕೆ ಹಾಕ್ತೀಯಂತೆ? ಊರವರು ಎಂತ ಹೇಳಿಯಾರು ನಳಿನ?”

“ಆಶ್ರಮ ಅಲ್ಲ ಅಕ್ಕ. ಆರು ವಾರ. ನನ್ನ ಕಾಲು ಸರಿಯಾಗುವವರೆಗೆ.”

“ನಮ್ಮನ್ನು ಹೆಗಲ ಮೇಲೆ ಕೂರಿಸಿಕೊಂಡು ಸಾಕಿದವರು ಅವರು.”

“ಹೌದು. ಹಾಗಾದರೆ ನೀನು ಬಾ. ಆರು ವಾರ ನೀನು ಹೆಗಲ ಮೇಲೆ ಕೂರಿಸಿಕೋ.”

“ನಾನು ಬರುವುದು ಹೇಗೆ ಮಾರಾಯ್ತಿ? ಇಲ್ಲಿ ನೀರು ಬಿಡುವುದೇ ಬೆಳಿಗ್ಗೆ ಐದೂವರೆಗೆ.”

ಐದೂವರೆಯ ನೀರಿಗೂ ಹುಟ್ಟಿದ ಮನೆಗೂ ಎಂತ ಸಂಬಂಧ ಎಂದು ಕೇಳುವ ತ್ರಾಣ ನಳಿನಾಕ್ಷಿಗೆ ಇರಲಿಲ್ಲ. ಉಪದೇಶಕ್ಕೆ ಎಂತ ಖರ್ಚು? ಹೇಳುವವರಿಗೆ ನಾಲಗೆ ಒಂದು ಇದ್ದರೆ ಸಾಕು, ಎತ್ತುವವರಿಗೆ ಮೊಣಕಾಲು ಬೇಕು. ಅವಳು ಫೋನನ್ನು ಚೀಲಕ್ಕೆ ಹಾಕಿ ಕಿಟಕಿಯ ಹೊರಗೆ ನೋಡುತ್ತಾ ಕೂತಳು.

ಮನೆಯಲ್ಲಿ ದೂಮಪ್ಪರು ಜಗಲಿಯ ಕುರ್ಚಿಯಲ್ಲಿ ಕಡಲಿಗೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ಅಪ್ಪಿ, ಎಲೆಯಡಿಕೆ ಹಾಕಿಕೊಂಡು. ಈ ಅಪ್ಪಿ ಒಳ್ಳೆಯವಳೇ. ಮನೆಯಲ್ಲಿ ಯಾರಿಲ್ಲದಾಗ ಬಂದು ಕೂರುತ್ತಾಳೆ. ಆದರೆ ಅವಳ ಬಾಯಿಗೆ ಬಾಗಿಲಿಲ್ಲ. ಅವಳ ಭಾವ ಎಲ್ಲಿಯೋ ಒಂದು ವೃದ್ಧಾಶ್ರಮಕ್ಕೆ ಹೋದವರು ಗೋಡೆಯ ಫೋಟೋ ಆಗಿಯೇ ಮನೆಗೆ ಬಂದರು ಎಂಬ ಕತೆಯನ್ನು ಅವಳು ವಾರಕ್ಕೆರಡು ಸಲ ಹೇಳುತ್ತಿದ್ದಳು. ದೂಮಪ್ಪರು ಕಡಲು ನೋಡುತ್ತಲೇ ಕೇಳುತ್ತಿದ್ದರು. ನಳಿನಾಕ್ಷಿ ಅವರಿಗೆ ಹೇಳಿದ್ದು ಇಷ್ಟೇ: “ನಾಲ್ಕು ದಿನ ಕಾರ್ಕಳಕ್ಕೆ ಹೋಗಿ ಬನ್ನಿ ಮಾವ, ಹವೆ ಬದಲಾಗುತ್ತದೆ.” ಆಪರೇಶನ್ ವಿಷಯ ಹೇಳಿರಲಿಲ್ಲ. ಹೇಳಿದರೆ ಊಟ ಬಿಡುತ್ತಾರೆ ಎಂಬ ಹೆದರಿಕೆ. ಎಲ್ಲರೂ ಅವರ ಬಗ್ಗೆ ಮಾತಾಡಿದ್ದೇ ಹೊರತು ಅವರ ಹತ್ತಿರ ಮಾತಾಡಿದವರು ಯಾರೂ ಇಲ್ಲ.

“ಮಾವ, ಶನಿವಾರ ಶಿಬಿರದಲ್ಲಿ ಪರೀಕ್ಷೆ ಮಾಡಿದ ಆ ಹುಡುಗಿ ನಿಮ್ಮ ಹತ್ತಿರ ಎಂತ ಕೇಳಿದಳು?” ನಳಿನಾಕ್ಷಿ ಚೀಲವನ್ನೂ ಕೆಳಗಿಡದೆ ಕೇಳಿದಳು. ಮನೆಯಲ್ಲಿ ಅವರ ಮಾತೆಲ್ಲ ತುಳುವಿನಲ್ಲೇ.

“ಬಿಳಿ ಕೋಟಿನವಳಾ? ಘಟ್ಟದ ಮೇಲಿನ ಹುಡುಗಿ, ತುಳು ಬರುವುದಿಲ್ಲ. ಒಳ್ಳೆಯವಳು. ಆದರೆ ಪಾಪ, ಅವಳಿಗೆ ಏನೂ ಗೊತ್ತಿಲ್ಲ. ಇದು ಯಾವ ತಿಂಗಳು ಅಂತ ನನ್ನ ಹತ್ತಿರ ಕೇಳ್ತಾಳೆ.”

“ನೀವು ಎಂತ ಹೇಳಿದಿರಿ?”

“ಆಟಿ ಅಂದೆ. ಮತ್ತೆಂತ ಹೇಳುವುದು, ಸುಗ್ಗಿ ಅಂತಲಾ?”

ನಳಿನಾಕ್ಷಿ ಹಳದಿ ಕಾಗದ ಬಿಡಿಸಿದಳು. ಒಂಬತ್ತು ಎಂಬ ಅಂಕಿಯನ್ನು ಬಿಟ್ಟರೆ ಅವಳು ಅದರಲ್ಲಿ ಏನನ್ನೂ ಓದಿಯೇ ಇರಲಿಲ್ಲ. ಪ್ರಶ್ನೆಗಳ ಮುಂದೆ ಸಣ್ಣ ಅಕ್ಷರದಲ್ಲಿ ಹುಡುಗಿ ಎಲ್ಲವನ್ನೂ ಬರೆದಿದ್ದಳು. ‘ತಿಂಗಳು ಕೇಳಿದರೆ ಆಟ ಎನ್ನುತ್ತಾರೆ.’

“ಮತ್ತೆ ತಾರೀಕು?”

“ಅದನ್ನೂ ಕೇಳಿದಳು. ಅವಳಿಗೆ ಅರ್ಥ ಆಗಲಿ ಅಂತ ಕನ್ನಡದಲ್ಲೇ ಹೇಳಿದೆ, ಮೂರು ಹೋಗುತ್ತದೆ ಅಂತ.”

ತುಳುವರ ಲೆಕ್ಕದಲ್ಲಿ ತಾರೀಕು ಬರುವುದಿಲ್ಲ, ಹೋಗುತ್ತದೆ. ದೈವದ ಕೋಲದ ದಿನ ಇರಲಿ, ಮದುವೆ ಇರಲಿ, ತಿಂಗಳಿನ ಇಷ್ಟು ಹೋಗುವ ದಿನ ಎಂದೇ ಹೇಳುವುದು. ಶಿಬಿರದ ಆ ಶನಿವಾರ, ಜುಲೈ ಹತ್ತೊಂಬತ್ತು ಎಂದರೆ ಆಟಿ ತಿಂಗಳು ಮೂರು ಹೋಗುವ ದಿನ. ಕ್ಯಾಲೆಂಡರು ನೋಡದೆ ಹೇಳಿದ ಉತ್ತರ, ಒಂದು ದಿನವೂ ಆಚೀಚೆ ಇಲ್ಲ. ಕಾಗದದಲ್ಲಿ ಹೀಗೆ ಬರೆದಿತ್ತು: ‘ಮೂರು ಹೋಗುತ್ತದೆ ಎನ್ನುತ್ತಾರೆ. ಎಲ್ಲಿಗೆ ಎಂದು ಕೇಳಿದರೆ ನಗುತ್ತಾರೆ.’

ಮುಂದಿನದನ್ನೆಲ್ಲ ನಳಿನಾಕ್ಷಿ ನಿಂತಲ್ಲೇ ಓದಿದಳು. ಈಗ ಯಾವ ಕಾಲ ಎಂಬುದಕ್ಕೆ ‘ಬೋಟು ಮೇಲೆ ಇರುವ ಕಾಲ’. ಮಳೆಗಾಲದಲ್ಲಿ ಬೋಟು ದಡಕ್ಕೆ ಎಳೆದಿಟ್ಟಿರುತ್ತಾರೆ, ಇದಕ್ಕಿಂತ ಸರಿ ಉತ್ತರ ಬೇಕಾ? ಹುಡುಗಿ ‘ಗೊಂದಲ’ ಎಂದು ಬರೆದಿದ್ದಳು. ನಾವೀಗ ಯಾವ ಮಹಡಿಯಲ್ಲಿದ್ದೇವೆ ಎಂಬುದಕ್ಕೆ ‘ಮಹಡಿ ಎಲ್ಲಿ ಉಂಟು ಎಂದು ನಮ್ಮನ್ನೇ ಕೇಳುತ್ತಾರೆ’. ಆ ಸಭಾಭವನಕ್ಕೆ ಮಹಡಿಯೇ ಇಲ್ಲ. ನೆನಪಿಟ್ಟುಕೊಂಡು ಹೇಳಬೇಕಾದ ಮೂರು ಶಬ್ದ ಸೇಬು, ಮೇಜು, ನಾಣ್ಯ.

“ಅದನ್ನಾದರೂ ಹೇಳಬಾರದಿತ್ತಾ ಮಾವ?”

“ಕೇಳು ನಳಿನ. ಅವಳು ಸೇಬು, ಮೇಜು, ನಾಣ್ಯ ಅಂದಳು. ಸ್ವಲ್ಪ ಹೊತ್ತಾದ ಮೇಲೆ, ನಾನು ಕೊಟ್ಟದ್ದು ಎಂತ ಅಂತ ಕೇಳಿದಳು. ನೀನು ನನಗೆ ಏನೂ ಕೊಟ್ಟಿಲ್ಲ ಮಗಾ ಅಂದೆ. ಕೊಡದ್ದನ್ನು ಕೊಟ್ಟಿದ್ದಾಳೆ ಅಂತ ಸುಳ್ಳು ಹೇಳಲಿಕ್ಕೆ ಆಗ್ತದಾ?”

ನಳಿನಾಕ್ಷಿಗೆ ನಗು ಬಂತು. ನಗು ಮುಗಿಯುವ ಮೊದಲೇ ಕೋಪ ಬಂತು. ಒಂದು ತಿಂಗಳ ಹೆಸರಿಗಾಗಿ ಆಪರೇಶನ್ ಮತ್ತೆ ತಪ್ಪಿ, ಅವಳ ಮೊಣಕಾಲು ದೀಪಾವಳಿಯವರೆಗೆ ಕಾಯಬೇಕಿತ್ತು! ತಕ್ಷಣ ಝೀಟಾ ಬಾಯಿಗೆ ಫೋನ್ ಮಾಡಿ, ಕಾಗದದಲ್ಲಿದ್ದದ್ದನ್ನು ಒಂದೊಂದಾಗಿ ಓದಿ ಹೇಳಿದಳು. ಆ ಕಡೆ ಬಾಯಿ ನಕ್ಕೂ ನಕ್ಕೂ ಕೆಮ್ಮಿದರು. “ನನಗೂ ಕೊಂಕಣಿಯಷ್ಟೇ ತುಳು ಬರ್ತದೆ. ಶುಕ್ರವಾರ ಕರೆದುಕೊಂಡು ಬನ್ನಿ. ನಾನೇ ತುಳುವಿನಲ್ಲಿ ಕೇಳ್ತೇನೆ,” ಎಂದರು.

“ಕೇಳಿದಿಯಾ ಅಪ್ಪಿಯಕ್ಕ? ಶುಕ್ರವಾರ ಮಾವ ಪಾಸಾದರೆ ಮುಗಿಯಿತು. ಸೋಮವಾರವೇ ಸೇರಿಸಿಕೊಳ್ತಾರೆ!”

ಅಪ್ಪಿ ಎಲೆಯಡಿಕೆ ಉಗಿಯಲು ಎದ್ದಳು. ದೂಮಪ್ಪರು ಕಡಲನ್ನು ನೋಡುತ್ತಿದ್ದವರು ಒಮ್ಮೆ ಸೊಸೆಯ ಕಡೆ ತಿರುಗಿ, “ಪಾಸಾದರೆ ಸೇರಿಸಿಕೊಳ್ಳುವುದಾ?” ಎಂದರು. “ಹೌದು ಮಾವ,” ಎಂದಳು. ಅವರು ಮತ್ತೆ ಕಡಲಿಗೆ ಮುಖ ಮಾಡಿದರು. ಖುಷಿಯಲ್ಲಿದ್ದ ನಳಿನಾಕ್ಷಿಗೆ ಅದರಲ್ಲಿ ಏನೂ ಕಾಣಲಿಲ್ಲ.

ಶುಕ್ರವಾರ ಚಂದುವಿನ ರಿಕ್ಷಾದಲ್ಲಿ, ಮಳೆಯಲ್ಲಿ, ಬೆಳ್ಮಣ್ ದಾಟಿ ಕಾರ್ಕಳಕ್ಕೆ ಹೋದರು. ಚಂದು ಮತ್ತು ಝೀಟಾ ಬಾಯಿಯ ಮನೆಯ ಒಬ್ಬಳು ಹೆಂಗಸು ಸೇರಿ ದೂಮಪ್ಪರನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿದರು. ಬಾಯಿ ಎದುರು ಕೂತು ಕನ್ನಡಕ ಏರಿಸಿದರು.

“ತಾಂಡೇಲರೇ, ಎರಡು ಮಾತು ಕೇಳ್ತೇನೆ. ಗಾಬರಿ ಬೇಡ. ಇದು ಯಾವ ತಿಂಗಳು?”

“ಗೊತ್ತಿಲ್ಲ,” ಎಂದರು ದೂಮಪ್ಪರು.

ನಳಿನಾಕ್ಷಿ ಕುಳಿತಲ್ಲೇ ಬೆಚ್ಚಿದಳು.

“ಎಷ್ಟು ಹೋಗುವ ದಿನ?”

“ಗೊತ್ತಿಲ್ಲ.”

“ನಿನ್ನೆ ಆಟಿ ಅಮಾವಾಸ್ಯೆಗೆ ಪಾಲೆ ಮರದ ಕಷಾಯ ಕುಡಿದಿರಲ್ಲ?” ಎಂದು ನಳಿನಾಕ್ಷಿ ಬಾಯಿ ಹಾಕಿದಳು. ಝೀಟಾ ಬಾಯಿ ಕೈಯೆತ್ತಿ ಸುಮ್ಮನಿರಿಸಿದರು.

“ಇವರು ಯಾರು ತಾಂಡೇಲರೇ?”

ದೂಮಪ್ಪರು ನಳಿನಾಕ್ಷಿಯನ್ನು ನೋಡಿದರು. ನೋಡಿ ಕಣ್ಣು ತಗ್ಗಿಸಿದರು. ಅದಕ್ಕೂ, “ಗೊತ್ತಿಲ್ಲ,” ಎಂದರು.

ಅಷ್ಟೇ. ಐದು ವರ್ಷದಿಂದ ಕಟ್ಟಿ ಹಿಡಿದದ್ದು ಅವಳ ಬಾಯಿಯಿಂದ ಕಟ್ಟೆ ಒಡೆದು ಬಂತು.

“ಗೊತ್ತಿಲ್ವಾ? ನಾನು ಯಾರು ಅಂತ ಗೊತ್ತಿಲ್ವಾ ನಿಮಗೆ? ಬೇಕೆಂದೇ ಫೇಲ್ ಆಗ್ತೀರಲ್ಲ ಮಾವ! ನನಗೆ ಸಾಕಾಗಿದೆ. ನಿಮ್ಮನ್ನು ಎತ್ತಿ ಎತ್ತಿ ಸಾಕಾಗಿದೆ. ನಡೆಯುವಾಗ ನನ್ನ ಮೊಣಕಾಲಿನ ಒಳಗೆ ಎಲುಬಿಗೆ ಎಲುಬು ಉಜ್ಜುತ್ತದೆ, ಬಚ್ಚಲಿಗೆ ಹೋದರೆ ಬಾಗಿಲು ಹಾಕಿಕೊಂಡು ಅಳ್ತೇನೆ, ನೀವು ಕೇಳಬಾರದು ಅಂತ ಕೊಡಪಾನದ ನೀರು ಸುರೀತೇನೆ. ಬುಧವಾರ ನನಗೆ ಮಣಿಪಾಲದಲ್ಲಿ ಆಪರೇಶನ್. ಕಾಲು ಕೊಯ್ದು ಗಂಟೇ ಬದಲಿಸ್ತಾರೆ. ಮೂರನೇ ಸಲ ದಿನ ಕೊಟ್ಟಿದ್ದಾರೆ. ಇದನ್ನೂ ತಪ್ಪಿಸಿ, ಇನ್ನೊಮ್ಮೆ ಇಬ್ಬರೂ ಬಚ್ಚಲಲ್ಲಿ ಬೀಳುವಾ. ಆಗ ಅಪ್ಪಿ ಬಂದು ಇಬ್ಬರ ಫೋಟೋವನ್ನೂ ಗೋಡೆಗೆ ಹಾಕಲಿ!”

ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನ ಧ್ವನಿ ತನಗೇ ಕೇಳಿಸಿತು. ಒಳಗಿನ ಮುದುಕರು ಬಾಗಿಲಲ್ಲಿ ಬಂದು ನಿಂತಿದ್ದರು. ಚಂದು ರಿಕ್ಷಾದ ಗಾಜನ್ನು ಒರೆಸುವವನಂತೆ ಆಚೆ ತಿರುಗಿದ. ಛೇ, ಹೆಗಲ ಮೇಲೆ ಕೂರಿಸಿಕೊಂಡು ಸಾಕಿದವರಿಗೆ ಸಾಕಾಗಿದೆ ಎಂದೆನಲ್ಲ ಎಂದು ನಳಿನಾಕ್ಷಿಗೆ ನಾಚಿಕೆಯಾಗಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಆಪರೇಶನ್ನಾ?” ಎಂದರು ದೂಮಪ್ಪರು.

ಅವಳು ತಲೆಯಾಡಿಸಿದಳು.

“ಮತ್ತೆ ಹವೆ ಬದಲಾವಣೆ ಅಂದದ್ದು?”

“ಸುಳ್ಳು.”

“ಇದನ್ನು ಹೇಳಲಿಕ್ಕೆ ಇಷ್ಟು ದಿನ ಬೇಕಾಯಿತಾ ನಿನಗೆ? ಹವೆ ಬದಲಾವಣೆಯಂತೆ! ಎಂಬತ್ತೆರಡು ವರ್ಷ ಕಡಲ ಗಾಳಿ ಕುಡಿದವನಿಗೆ ಕಾರ್ಕಳದ ಬಂಡೆಯ ಹವೆ ಯಾಕೆ? ನನ್ನನ್ನು ದೂಡಿಬಿಡ್ಲಿಕ್ಕೆ ನೀನು ದಾರಿ ಮಾಡ್ತಿದ್ದಿ ಅಂತ ತಿಳಿದೆ. ನಿನ್ನ ಕಾಲು ಕುಂಟುವುದು ನನಗೆ ಕಾಣುವುದಿಲ್ವಾ? ನನಗೆ ಬಿದ್ದದ್ದು ಎಡಗೈ, ಕಣ್ಣಲ್ಲ. ಕೇಳಿದರೆ ಏನಿಲ್ಲ ಮಾವ, ಏನಿಲ್ಲ ಮಾವ.” ಒಳ್ಳೆಯ ಕೈಯಿಂದ ಕುರ್ಚಿಯ ತೋಳನ್ನು ಎರಡು ಸಲ ಗುದ್ದಿದರು. “ನನಗೂ ಸಾಕಾಗಿದೆ, ಗೊತ್ತುಂಟಾ? ನಿನ್ನ ಕೈಯಿಂದ ಎತ್ತಿಸಿಕೊಂಡು ಸಾಕಾಗಿದೆ.”

ಝೀಟಾ ಬಾಯಿ ಇಂಥದ್ದನ್ನು ಎಷ್ಟು ನೋಡಿದ್ದರೋ, ಎದ್ದು ಹೋಗಿ ಮೂರು ಲೋಟ ಬಿಸಿ ಚಾ ತಂದರು. ದೂಮಪ್ಪರ ಲೋಟವನ್ನು ಅವರ ಬಲಗೈಗೇ ಕೊಟ್ಟು ಕೂತರು.

“ತಾಂಡೇಲರೇ, ಆಟಿಯಲ್ಲಿ ಹೊಸ ಮದುಮಗಳನ್ನು ತಾಯಿ ಮನೆಗೆ ಕರೆದುಕೊಂಡು ಬರುವುದಿಲ್ವಾ? ಗದ್ದೆ ಕೆಲಸ ಬೇಡ, ಅತ್ತೆ ಮನೆ ಬೇಡ, ಆಟಿ ಮುಗಿಯುವವರೆಗೆ ಕೂತು ತಿನ್ನುವುದು. ಆಟಿ ಕೂರುವುದು ಅಂತಾರಲ್ಲ, ಹಾಗೆ ತಿಳಿದುಕೊಳ್ಳಿ. ನನ್ನ ಮನೆಯಲ್ಲಿ ಆಟಿ ಕೂರಿ.”

“ಮದುಮಗಳಿಗೆ ಹಲ್ಲು ಇರ್ತದೆ, ಬಾಯೀ.”

“ನಮ್ಮಲ್ಲಿ ಕೆಸುವಿನ ಎಲೆಯ ಪತ್ರೊಡೆ ಮೆತ್ತಗೆ ಮಾಡ್ತಾರೆ.”

“ಒಣಮೀನು?”

“ಸೊಸೆ ಒಣಮೀನು ಮಾರುವವರಲ್ವಾ? ಅವರು ಕೊಟ್ಟರೆ ಸುಟ್ಟು ಕೊಡುವಾ. ಉಪ್ಪು ಮಾತ್ರ ತೊಳೆದು.”

ದೂಮಪ್ಪರು ಚಾ ಕುಡಿದರು. ಲೋಟವನ್ನು ತೊಡೆಯ ಮೇಲಿಟ್ಟುಕೊಂಡು, ಇಷ್ಟು ದಿನ ಯಾರೂ ಕೇಳದ, ಅವರೂ ಹೇಳದ ಮಾತನ್ನು ಕೊನೆಗೂ ಹೇಳಿದರು.

“ಆಟಿ ಕೂತವಳನ್ನು ಸೋಣ ಬಂದ ಕೂಡಲೇ ಕರೆದುಕೊಂಡು ಹೋಗಲಿಕ್ಕೆ ಗಂಡನ ಮನೆಯವರು ಬರ್ತಾರೆ. ನನಗೆ ಯಾರು ಬರ್ತಾರೆ?”

“ನಾನು ಬರ್ತೇನೆ ಮಾವ,” ಎಂದಳು ನಳಿನಾಕ್ಷಿ. “ಆಟಿ ಮುಗಿದ ಮರುದಿನವೇ ಬರ್ತೇನೆ. ಸೋಣದ ಮೊದಲ ದಿನ.”

“ಆಪರೇಶನ್ ಎಷ್ಟು ಹೋಗುವ ದಿನ?”

“ಆಟಿ ಹದಿನಾಲ್ಕು.”

“ಡಾಕ್ಟ್ರು ಎಷ್ಟು ದಿನ ಹೇಳಿದ್ದಾರೆ? ಸುಳ್ಳು ಹೇಳಬೇಡ.”

“ಆರು ವಾರ,” ಎಂದಳು, ಸಣ್ಣ ಸ್ವರದಲ್ಲಿ.

ದೂಮಪ್ಪರು ಕಣ್ಣು ಮುಚ್ಚಿದರು. ಲೋಟದ ಅಂಚಿನ ಮೇಲೆ ಹೆಬ್ಬೆರಳು ಒಂದು ಸುತ್ತು ಬಂತು. “ನಲ್ವತ್ತೆರಡು ದಿನ. ಈ ವರ್ಷ ಆಟಿಗೆ ಮೂವತ್ತೊಂದು. ಹದಿನಾಲ್ಕು ಹೋದರೆ ಆಟಿಯಲ್ಲಿ ಉಳಿಯುವುದು ಹದಿನೇಳು. ಬಾಕಿ ಇಪ್ಪತ್ತೈದು. ಸೋಣ ಇಪ್ಪತ್ತೈದು ಹೋಗುವ ದಿನ. ಅದಕ್ಕಿಂತ ಮೊದಲು ಬಂದರೆ ನಾನು ರಿಕ್ಷಾ ಹತ್ತುವುದಿಲ್ಲ. ಅರ್ಧ ಗುಣವಾದ ಕಾಲಿನಲ್ಲಿ ಬಂದು ನನ್ನನ್ನು ಎತ್ತುವುದು ಬೇಡ.”

ಬಾಯ್ತೆರೆದು ಕೂತಿದ್ದ ಝೀಟಾ ಬಾಯಿ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ, ಬೆರಳಿಟ್ಟು ಎಣಿಸಿದರು. ಸೆಪ್ಟೆಂಬರ್ ಹತ್ತು. ಬುಧವಾರಕ್ಕೆ ಬುಧವಾರ, ಲೆಕ್ಕಕ್ಕೆ ಲೆಕ್ಕ. ಅವರು ನಳಿನಾಕ್ಷಿಯ ಕೈಯಿಂದ ಹಳದಿ ಕಾಗದವನ್ನು ತೆಗೆದುಕೊಂಡು ನಾಲ್ಕು ತುಂಡು ಮಾಡಿದರು. ಆಮೇಲೆ ತಮ್ಮ ಫಾರಮ್ಮಿನಲ್ಲಿ ‘ಬಿಡುಗಡೆಯ ದಿನಾಂಕ’ ಎಂದಿದ್ದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು: ಸೋಣ 25. ಸಂಬಂಧ ಎಂದಿದ್ದಲ್ಲಿ ಸೊಸೆ ಎಂದು ಬರೆದರು, ಮಗ ಎಲ್ಲಿ ಎಂದು ಕೇಳಲಿಲ್ಲ. ನಳಿನಾಕ್ಷಿಗೆ ಅದೇ ಒಂದು ದೊಡ್ಡ ಉಪಕಾರ ಅನಿಸಿತು.

ಸೋಮವಾರ ಬೆಳಿಗ್ಗೆ ಎರಡು ಪಂಚೆ, ಒಂದು ಉಣ್ಣೆಯ ಶಾಲು, ಒಣಮೀನಿನ ಪೊಟ್ಟಣ, ಮಾತ್ರೆಗಳ ಡಬ್ಬಿ. ದೂಮಪ್ಪರ ಸಾಮಾನು ಅಷ್ಟೇ. ಮಂಚದ ಪಕ್ಕದ ಕಿಟಕಿಯಿಂದ ಕಡಲು ಕಾಣುವುದಿಲ್ಲ, ಬಂಡೆ ಕಾಣುತ್ತದೆ ಎಂದು ಅವರು ಬಂದ ಹತ್ತು ನಿಮಿಷದೊಳಗೆ ದೂರು ಕೊಟ್ಟರು. ದಿಂಬು ಎತ್ತರವಾಯಿತು ಎಂದರು. ಪಕ್ಕದ ಮಂಚದ ಎಡ್ವಿನ್ ಪೊರ್ಬುಗಳು ಎಂಬ ಕ್ರಿಶ್ಚಿಯನ್ ಮುದುಕರು ಗೊರಕೆ ಹೊಡೆಯುವವರ ಹಾಗೆ ಕಾಣುತ್ತಾರೆ ಎಂದರು, ಆ ಪೊರ್ಬುಗಳು ಎಚ್ಚರವಾಗಿಯೇ ಕೂತಿದ್ದರೂ. ನಳಿನಾಕ್ಷಿ ಎಲ್ಲದಕ್ಕೂ ಹೂಂ ಎಂದಳು. ಹೂಂ ಎನ್ನುತ್ತಲೇ ಶಾಲನ್ನು ಮೂರು ಸಲ ಮಡಚಿದಳು.

“ಸಾಕು, ಹೋಗು. ಚಂದು ಕಾಯ್ತಾನೆ,” ಎಂದರು ದೂಮಪ್ಪರು. ಅವಳು ಬಾಗಿಲಿಗೆ ಬಂದಾಗ ಕರೆದರು. “ಇಲ್ಲಿ ಬಾ. ನಾನು ಮೂರು ಶಬ್ದ ಹೇಳ್ತೇನೆ. ನೆನಪಿಟ್ಟುಕೊಳ್ಳಬೇಕು. ಆಮೇಲೆ ಕೇಳ್ತೇನೆ.”

“ಎಂತ ಮಾವ ಇದು, ಈಗ?”

“ಹೇಳಿದಷ್ಟು ಕೇಳು. ಸೋಣ. ಇಪ್ಪತ್ತೈದು. ಬಾ.”

ಅವಳು ತಲೆ ತಗ್ಗಿಸಿ ಹೊರಟಳು. ಒಂದೊಂದೇ ಮೆಟ್ಟಿಲು, ಗೋಡೆ ಹಿಡಿದುಕೊಂಡು. ಮಳೆ ಹನಿಯುತ್ತಿತ್ತು. ರಿಕ್ಷಾದೊಳಗೆ ಕಾಲನ್ನು ಎರಡೂ ಕೈಯಿಂದ ಎತ್ತಿ ಇಟ್ಟುಕೊಳ್ಳುವಷ್ಟರಲ್ಲಿ, ಕಿಟಕಿಯಿಂದ ಹಳೆಯ ತಾಂಡೇಲನ ಧ್ವನಿ ಬಂತು. ಗಾಳಿಯಲ್ಲಿ ಇನ್ನೊಂದು ದೋಣಿಯವರನ್ನು ಕೂಗಿ ಕರೆದು ಅಭ್ಯಾಸವಾದ ಧ್ವನಿ ಅದು.

“ನಳಿನಾ! ನಾನು ಹೇಳಿದ್ದು ಎಂತ?”

ನಳಿನಾಕ್ಷಿ ಹೊರಗೆ ತಲೆ ಹಾಕಿದಳು.

“ಸೋಣ!” ಎಂದು ಕೂಗಿದಳು. “ಇಪ್ಪತ್ತೈದು! ಬರ್ತೇನೆ!”

“ತಪ್ಪು!” ಎಂದರು ದೂಮಪ್ಪರು. “ನಾನು ಹೇಳಿದ್ದು ಬಾ ಅಂತ. ನೀನು ಹೇಳಿದ್ದು ಬರ್ತೇನೆ ಅಂತ.” ಚಂದು ರಿಕ್ಷಾ ಸ್ಟಾರ್ಟ್ ಮಾಡಿದ. ಆ ಸದ್ದಿನ ಮೇಲಿಂದ ಮತ್ತೆ ಕೇಳಿಸಿತು. “ಇರಲಿ. ಅದಕ್ಕೂ ಮಾರ್ಕು ಕೊಡ್ತೇನೆ.”